ಗಾಡಿಗೆ ಹತ್ತು ಕೊಡ, ಮನೆಗೆಷ್ಟು?

ತುರುವನೂರು: ಮಹಾನವಮಿಯ ಬೆಳಗ್ಗೆ ಇಲ್ಲಿನ ಯಾವ ಓಣಿಗೆ ಕಾಲಿಟ್ಟರೂ ಕಾಣುವುದು ಒಂದೇ ನೋಟ. ಮನೆ ಮುಂದೆ ಸ್ಟ್ಯಾಂಡ್ ಹಾಕಿ ನಿಲ್ಲಿಸಿದ ಬೈಕು. ಪಕ್ಕದಲ್ಲೊಂದು ಬಕೆಟ್ಟು. ಪ್ಯಾಂಟನ್ನು ಮೊಣಕಾಲಿನ ತನಕ ಮಡಚಿಕೊಂಡ ಹುಡುಗ. ಸೋಪಿನ ನೊರೆ ಅಂಗಳ ದಾಟಿ, ರಸ್ತೆ ದಾಟಿ, ಎದುರು ಮನೆಯವರ ರಂಗೋಲಿ ಅಳಿಸಿಕೊಂಡು ಚರಂಡಿ ಸೇರುತ್ತಿರುತ್ತದೆ.

ಇಂಥ ಮನೆಯ ಬಾಗಿಲಲ್ಲಿ ತಾಯಿ-ಮಗನ ನಡುವೆ ನಡೆಯುವ ಮಾತು ಊರಿಗೆಲ್ಲ ಗೊತ್ತಿರುವಂಥದ್ದೇ.

"ಲೇ, ಗಾಡಿ ತೊಳೀತಿದೀಯೋ, ಎಮ್ಮೆ ತೊಳೀತಿದೀಯೋ? ಹತ್ತು ಕೊಡ ಆಯ್ತು. ಹೊತ್ತು ತಂದೋಳಿಗೆ ಗೊತ್ತು ಸೊಂಟದ ನೋವು!"

"ವರ್ಷಕ್ಕೊಂದು ಹಬ್ಬ ಕಣವ್ವ, ಇವತ್ತೊಂದಿನ ಬಿಡು."

"ವರ್ಷಕ್ಕೊಂದಾ? ಹೋದ ಭಾನುವಾರ ಯಾವ ಹಬ್ಬ ಇತ್ತಪ್ಪಾ?"

ಮಗನ ಬಳಿ ಉತ್ತರವಿಲ್ಲ. ಹನ್ನೊಂದನೇ ಕೊಡಕ್ಕೆ ಕೈ ಹಾಕಿದವನು ತೆಪ್ಪಗೆ ಹಿಂದಕ್ಕೆ ಸರಿಯುತ್ತಾನೆ.

ನಗೆ ಬರುವ ಜಗಳ, ನಿಜ. ಆದರೆ ಅದರ ಹಿಂದೆ ಇರುವುದು ನಗುವ ವಿಷಯವಲ್ಲ. ಗಾಡಿ ತೊಳೆಯದೆ ಇರಲಾಗದು, ತೊಳೆಯಲು ನೀರಿಲ್ಲ. ಇರುವ ನೀರು ಉಪ್ಪು. ತೊಳೆಯುವ ರೀತಿ ತಪ್ಪಿದರೆ ನೀರೂ ಹೋಯಿತು, ಗಾಡಿಯೂ ಹೋಯಿತು. ಹಾಗಾದರೆ ಮಾಡುವುದೇನು?

ಎತ್ತು ಹೋಗಿ ಬೈಕು ಬಂತು

ಹಿಂದೆ ಈ ಹೋಬಳಿಯಲ್ಲಿ ಗಾಡಿ ಎಂದರೆ ಎತ್ತಿನ ಗಾಡಿ. ಈಗ ಗಾಡಿ ಎಂದರೆ ಬೈಕು. ಬೆಳಗ್ಗೆ ಡೈರಿಗೆ ಹಾಲಿನ ಕ್ಯಾನು, ಮಧ್ಯಾಹ್ನ ಹೊಲಕ್ಕೆ ಬುತ್ತಿ, ಸಂಜೆ ಕಡಲೆ ಬೀಜದ ಚೀಲ, ರಾತ್ರಿ ಹೊಟ್ಟೆನೋವೆಂದು ಅಳುವ ಮಗುವನ್ನು ದುರ್ಗದ ಆಸ್ಪತ್ರೆಗೆ ಒಯ್ಯುವುದು, ಎಲ್ಲಕ್ಕೂ ಅದೇ. ಶೋಕಿಗೆ ಬೈಕು ಇಟ್ಟವರು ಇಲ್ಲವೆಂದಲ್ಲ. ಆದರೆ ಹೆಚ್ಚಿನ ಮನೆಗಳಲ್ಲಿ ಅದು ದುಡಿಯುವ ಜೀವ.

ಕಾರ ಹುಣ್ಣಿಮೆಯಲ್ಲಿ ಎತ್ತಿನ ಮೈ ತೊಳೆಯುತ್ತಿದ್ದವರ ಮಕ್ಕಳು ಮೊಮ್ಮಕ್ಕಳೇ ಈಗ ಮಹಾನವಮಿಗೆ ಬೈಕಿನ ಮೈ ತೊಳೆಯುವವರು. ಭಕ್ತಿ ಅದೇ. ಆದರೆ ಎತ್ತು ತೊಳೆಯುವ ಜಾಣ್ಮೆ ಮಾತ್ರ ದಾರಿಯಲ್ಲಿ ಎಲ್ಲೋ ಕಳೆದುಹೋಗಿದೆ. ಎತ್ತು ಸಾಕಿದ ಯಾವ ಹಿರಿಯರನ್ನಾದರೂ ಕೇಳಿ ನೋಡಿ. ದುಡಿದು ಬಂದು ಮೈ ಬಿಸಿ ಇರುವ ಎತ್ತಿಗೆ ತಣ್ಣೀರು ಸುರಿಯುವುದಿಲ್ಲ. ಕಿವಿಗೆ ನೀರು ಎರಚುವುದಿಲ್ಲ. ಮೈ ಒರೆಸದೆ ಬಿಡುವುದಿಲ್ಲ. ಈ ಮೂರು ಮಾತನ್ನು ಬೈಕಿಗೆ ಹೊಂದಿಸಿಕೊಂಡರೆ ಅರ್ಧ ಕೆಲಸ ಆದಂತೆ!

ಲೆಕ್ಕ ಹಾಕಿ ನೋಡಿ

ಮೊದಲು ನೀರಿನ ಲೆಕ್ಕ. ರಬ್ಬರ್ ಪೈಪಿನಲ್ಲಿ ನಿಮಿಷಕ್ಕೆ ಹತ್ತು ಲೀಟರ್ ನೀರು ಬರುತ್ತದೆ ಎಂದು ಇಟ್ಟುಕೊಳ್ಳೋಣ. ಕಾಲು ಗಂಟೆ ಪೈಪು ಹಿಡಿದು ನಿಂತರೆ ನೂರೈವತ್ತು ಲೀಟರ್. ಹದಿನೈದು ಲೀಟರಿನ ಕೊಡದಲ್ಲಿ ಅಳೆದರೆ ಸರಿಯಾಗಿ ಹತ್ತು ಕೊಡ. ಕೇಂದ್ರ ಸರ್ಕಾರ 2019ರಲ್ಲಿ ಆರಂಭಿಸಿದ ಜಲ ಜೀವನ್ ಮಿಷನ್ ಹಳ್ಳಿಯ ಒಬ್ಬ ಮನುಷ್ಯನಿಗೆ ದಿನಕ್ಕೆ ಕೊಡಬೇಕೆಂದು ಇಟ್ಟ ಲೆಕ್ಕ 55 ಲೀಟರ್. ಅಂದರೆ ಒಂದು ಬೈಕಿನ ಸ್ನಾನಕ್ಕೆ ಮೂರು ಜನರ ಇಡೀ ದಿನದ ಪಾಲು ಹೆಚ್ಚುಕಡಿಮೆ ಖಲಾಸ್.

ಇದು ಮಲೆನಾಡಲ್ಲ. ವರ್ಷಕ್ಕೆ ಸುಮಾರು ಆರುನೂರು ಮಿಲಿಮೀಟರಿನ ಒಳಗೇ ಮಳೆ ಕಾಣುವ ಜಿಲ್ಲೆ. 2022ರ ಸೆಪ್ಟೆಂಬರಿನಲ್ಲಿ ಹಿರಿಯೂರಿನ ವಾಣಿವಿಲಾಸ ಸಾಗರ ಕೋಡಿ ಬಿದ್ದಾಗ ಜಿಲ್ಲೆಯ ಜನ ಜಾತ್ರೆಯಂತೆ ಹೋಗಿ ನೋಡಿ ಬಂದರು. ಯಾಕೆ? 1907ರಲ್ಲಿ ಕಟ್ಟಿ ಮುಗಿದ ಆ ಮಾರಿಕಣಿವೆ ಅದಕ್ಕೂ ಮುಂಚೆ ಕೋಡಿ ಬಿದ್ದದ್ದು 1933ರಲ್ಲಿ! ಎಂಬತ್ತೊಂಬತ್ತು ವರ್ಷ ಕಾದ ಜನ. ಸರಿ, ನೀರು ಬಂತಲ್ಲ ಎಂದು ನಿಟ್ಟುಸಿರು ಬಿಡುವಷ್ಟರಲ್ಲಿ ಮರುವರ್ಷವೇ ಬರ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಸರ್ಕಾರವೇ ಘೋಷಿಸಿತು.

ಆ ಬರದ ಬಿಸಿ ರಾಜಧಾನಿಗೂ ತಟ್ಟಿತು. 2024ರ ಮಾರ್ಚಿನಲ್ಲಿ ಬೆಂಗಳೂರು ಜಲಮಂಡಳಿ ಕುಡಿಯುವ ನೀರಿನಲ್ಲಿ ವಾಹನ ತೊಳೆದವರಿಗೆ ಐದು ಸಾವಿರ ರೂಪಾಯಿ ದಂಡ ಎಂದಿತು. ದಂಡ ವಸೂಲೂ ಮಾಡಿತು. ತುರುವನೂರಿನಲ್ಲಿ ದಂಡ ಹಾಕುವವರು ಯಾರೂ ಬರಲಿಲ್ಲ. ಇಲ್ಲಿ ದಂಡ ತೆರುವವರೇ ಬೇರೆ. ಕೊಡ ಹೊತ್ತವರು.

ವಾಟರ್ ಸರ್ವಿಸ್ ಮಹಿಮೆ

"ಮನೇಲಿ ಯಾಕಪ್ಪ ಈ ರಗಳೆ? ವಾಟರ್ ಸರ್ವಿಸಿಗೆ ಬಿಟ್ಟರೆ ಹತ್ತು ನಿಮಿಷದ ಕೆಲಸ" ಎನ್ನುವವರಿದ್ದಾರೆ. ಮಾತು ಸುಳ್ಳಲ್ಲ. ಮಣ್ಣು ಮೆತ್ತಿದ ಗಾಡಿ ನೋಡನೋಡುತ್ತ ಮದುವಣಿಗನಂತಾಗಿ ಹೊರಬರುತ್ತದೆ. ಆದರೆ ಒಳಗೆ ನಡೆಯುವುದು ಕಣ್ಣಿಗೆ ಕಾಣುವುದಿಲ್ಲ.

ಅಲ್ಲಿನ ಜೆಟ್ ನೀರಿನ ಒತ್ತಡ ಮನೆಯ ನಲ್ಲಿಯ ಒತ್ತಡಕ್ಕಿಂತ ಹತ್ತಾರು ಪಟ್ಟು ಜಾಸ್ತಿ. ಅದನ್ನು ದೂರದಿಂದ, ಮಡ್‌ಗಾರ್ಡಿನ ಅಡಿಗೆ ಹಿಡಿದರೆ ತೊಂದರೆಯಿಲ್ಲ. ಗಾಲಿಯ ಗುಂಭಕ್ಕೆ, ಹ್ಯಾಂಡಲ್ ಬುಡಕ್ಕೆ, ಚೈನಿಗೆ, ಸ್ವಿಚ್ಚುಗಳಿಗೆ ಒಂದು ಗೇಣು ಹತ್ತಿರದಿಂದ ಹಿಡಿದರೆ? ವೀಲ್ ಬೇರಿಂಗಿನ ರಬ್ಬರ್ ಸೀಲು ಮಳೆನೀರು ತಡೆಯಲು ಮಾಡಿದ್ದು, ಫಿರಂಗಿ ತಡೆಯಲು ಅಲ್ಲ. ನೀರು ಒಳಗೆ ನುಗ್ಗುತ್ತದೆ, ಗ್ರೀಸನ್ನು ಹೊರಹಾಕುತ್ತದೆ, ತಾನು ಮಾತ್ರ ಒಳಗೇ ಉಳಿಯುತ್ತದೆ. ಕೆಲವು ವಾರದ ಮೇಲೆ ಗಾಲಿಯಿಂದ ಕೊರ ಕೊರ ಶಬ್ದ, ಹ್ಯಾಂಡಲಿನ ಕೋನ್ ಸೆಟ್ಟು ಬಿಗಿ. ಎತ್ತಿನ ಕಿವಿಗೆ ನೀರು ಬಿಟ್ಟ ಹಾಗೆಯೇ ಇದು.

ಇನ್ನು ಡೀಸೆಲ್ ಹೊಡೆಯುವ ಪದ್ಧತಿ. ಜಿಡ್ಡು ಕರಗಲೆಂದು ಇಂಜಿನ್ನಿಗೆ, ಚೈನಿಗೆ, ಕೆಲವೊಮ್ಮೆ ಇಡೀ ಗಾಡಿಗೇ ಡೀಸೆಲ್ ಸಿಂಪಡಿಸುತ್ತಾರೆ. ಆ ಕ್ಷಣಕ್ಕೆ ಫಳಫಳ. ಡೀಸೆಲ್ ಚೈನಿಗೆ ಬೇಕಾದ ಎಣ್ಣೆಯನ್ನೂ ತೊಳೆದುಬಿಡುತ್ತದೆ, ರಬ್ಬರಿನ ಪೈಪು ಬುಷ್‌ಗಳನ್ನು ಉಬ್ಬಿಸಿ ಮೆತ್ತಗೆ ಮಾಡುತ್ತದೆ, ದಾರಿಯ ಧೂಳನ್ನೆಲ್ಲ ಕರೆದು ಅಂಟಿಸಿಕೊಳ್ಳುತ್ತದೆ. ಬ್ರೇಕಿನ ಮೇಲೆ ಬಿದ್ದರಂತೂ ಕೇಳುವುದೇ ಬೇಡ. ಮುಂದಿನ ತಿರುವಿನಲ್ಲಿ ಬ್ರೇಕು ಹಿಡಿಯದೆ ಹೋದರೆ ಯಾರನ್ನು ದೂರುವುದು?

ವಾಟರ್ ಸರ್ವಿಸಿನವರ ಹೊಟ್ಟೆಯ ಮೇಲೆ ಹೊಡೆಯುವ ಮಾತಲ್ಲ ಇದು. ಬಿಡುವವರು ಬಿಡಲಿ. "ಅಣ್ಣಾ, ಡೀಸೆಲ್ ಬೇಡ, ಬೇರಿಂಗಿಗೆ ಜೆಟ್ ಹಿಡೀಬೇಡ" ಎಂದು ಪಕ್ಕದಲ್ಲಿ ನಿಂತು ಎರಡು ಮಾತು ಹೇಳಿದರೆ ಸಾಕು.

ಎರಡು ಕೊಡದ ಕೆಲಸ

ಹಾಗಾದರೆ ಮನೆಯಲ್ಲೇ ತೊಳೆಯುವುದು ಹೇಗೆ? ಹಳೆಯ ಮೆಕ್ಯಾನಿಕ್ಕುಗಳು ಹೇಳುವ ಲೆಕ್ಕ ಸರಳ: ಎರಡು ಬಕೆಟ್, ಮೂರು ಬಟ್ಟೆ, ಒಂದು ತಾಸು.

ಗಾಡಿ ಓಡಿಸಿ ಬಂದ ಕೂಡಲೇ ನೀರು ಹಾಕಬಾರದು. ಇಂಜಿನ್ನು, ಸೈಲೆನ್ಸರು, ಡಿಸ್ಕ್ ಬ್ರೇಕಿನ ತಟ್ಟೆ ಕಾದಿರುತ್ತವೆ. ಕಾದ ಕಬ್ಬಿಣಕ್ಕೆ ತಣ್ಣೀರು ಬಿದ್ದರೆ ಏನಾಗುತ್ತದೆ ಎಂದು ಕಮ್ಮಾರಸಾಲೆ ನೋಡಿದವರಿಗೆ ಹೇಳಬೇಕಾಗಿಲ್ಲ. ಅರ್ಧ ಗಂಟೆ ನೆರಳಲ್ಲಿ ನಿಲ್ಲಿಸಿ, ಚಹಾ ಕುಡಿದು ಬನ್ನಿ. ಬಿಸಿಲಲ್ಲಂತೂ ತೊಳೆಯಲೇಬೇಡಿ, ನೀರು ಒರೆಸುವ ಮೊದಲೇ ಆರಿ ಕಲೆ ಕೂರುತ್ತದೆ.

ಸೈಲೆನ್ಸರಿನ ಬಾಯಿಗೆ, ಕೀಲಿ ಹಾಕುವ ತೂತಿಗೆ ಪ್ಲಾಸ್ಟಿಕ್ ಚೀಲ ಸುತ್ತಿ ರಬ್ಬರ್ ಬ್ಯಾಂಡ್ ಹಾಕಬೇಕು. ತೊಳೆದು ಮುಗಿದ ಮೇಲೆ ಬಿಚ್ಚುವುದನ್ನೂ ಮರೆಯಬಾರದು!

ಆಮೇಲೆ ಒಂದು ಚೊಂಬಿನಿಂದ ಮೇಲಿನಿಂದ ಕೆಳಕ್ಕೆ ನೀರು ಬಿಟ್ಟು ಧೂಳು ಇಳಿಸಬೇಕು. ಇಲ್ಲಿ ಎಡವುವವರೇ ಜಾಸ್ತಿ. ಒಣ ಧೂಳಿನ ಮೇಲೆಯೇ ಬಟ್ಟೆ ಹಾಕಿ ತಿಕ್ಕುತ್ತಾರೆ. ಧೂಳಿನಲ್ಲಿರುವ ಮರಳಿನ ಹರಳು ಉಪ್ಪುಕಾಗದದ ಹಾಗೆ ಪೇಂಟನ್ನು ಗೀರುತ್ತದೆ. ಹೊಸ ಗಾಡಿಯ ಟ್ಯಾಂಕು ಆರು ತಿಂಗಳಿಗೇ ಮಂಕಾಗುವುದು ಬಿಸಿಲಿನಿಂದ ಮಾತ್ರವಲ್ಲ, ದಿನಾ ಬೆಳಗ್ಗೆ ಒಣ ಬಟ್ಟೆಯಲ್ಲಿ ಬಡಿದು ಒರೆಸುವ ಪ್ರೀತಿಯಿಂದ.

ಒಂದು ಬಕೆಟ್ಟಿಗೆ ಅರ್ಧ ಕೊಡ ನೀರು, ತಲೆಗೆ ಹಾಕುವ ಶಾಂಪೂವಿನ ಒಂದೆರಡು ಸ್ಯಾಷೆ. ಇನ್ನೊಂದಕ್ಕೆ ಬರೀ ನೀರು. ಶಾಂಪೂ ನೀರಲ್ಲಿ ಬಟ್ಟೆ ಅದ್ದಿ ಒರೆಸಿ, ಬರೀ ನೀರಲ್ಲಿ ಜಾಲಿಸಿ, ಮತ್ತೆ ಶಾಂಪೂವಿಗೆ. ಕೊಳೆ ಎಲ್ಲ ಎರಡನೇ ಬಕೆಟ್ಟಿನ ತಳ ಸೇರುತ್ತದೆ. ತಿರುಗಿ ಟ್ಯಾಂಕಿಗೆ ಹತ್ತುವುದಿಲ್ಲ. ಬಟ್ಟೆ ತೊಳೆಯುವ ಪುಡಿ ಬೇಡ. ಅದರಲ್ಲಿ ಸೋಡಾ ಇರುತ್ತದೆ; ಅಲ್ಯೂಮಿನಿಯಂ ಭಾಗಗಳನ್ನು ಮಂಕು ಮಾಡುತ್ತದೆ, ಪೇಂಟಿನ ಮೇಲಿನ ಪಾಲಿಶ್ ಕೀಳುತ್ತದೆ. ತೆಂಗಿನ ನಾರು, ಪಾತ್ರೆ ಉಜ್ಜುವ ಜಾಲರಿ ಟ್ಯಾಂಕಿನ ಹತ್ತಿರ ಸುಳಿಯಕೂಡದು.

ಮೊದಲು ಟ್ಯಾಂಕು, ಆಮೇಲೆ ಸೀಟು, ಪಕ್ಕದ ಡಬ್ಬಿಗಳು, ಮಡ್‌ಗಾರ್ಡು, ಕೊನೆಗೆ ಇಂಜಿನ್ನು, ಗಾಲಿ. ಗಾಲಿಗೆ ಬೇರೆ ಬಟ್ಟೆ. ಗಾಲಿ ಒರೆಸಿದ ಬಟ್ಟೆ ಟ್ಯಾಂಕಿಗೆ ಬಂದರೆ ಗೀರು ಗ್ಯಾರಂಟಿ. ಮೂರನೆಯದು ಒಣ ಬಟ್ಟೆ. ಹಳೇ ಕಾಟನ್ ಬನಿಯನ್ ಆದರೂ ಆಯಿತು, ಅಂಗಡಿಯ ಮೈಕ್ರೋಫೈಬರ್ ಆದರೂ ಆಯಿತು. ಗುಂಡಿ ಇರುವ ಅಂಗಿ ಮಾತ್ರ ಬೇಡ.

ಕೊನೆಗೆ ಉಳಿದ ಚೊಂಬುಗಳಲ್ಲಿ ಶಾಂಪೂ ಇಳಿಸಿ ಒರೆಸಿದರೆ ಮುಗಿಯಿತು. ಎರಡು ಕೊಡ ಸಾಕು. ಇಂಜಿನ್ ಸ್ಟಾರ್ಟ್ ಮಾಡಿ ಸ್ವಲ್ಪ ದೂರ ನಿಧಾನವಾಗಿ ಓಡಿಸಿ, ಬ್ರೇಕನ್ನು ಎರಡು ಮೂರು ಸಲ ಮೆಲ್ಲಗೆ ಒತ್ತಬೇಕು. ಒದ್ದೆಯಾದ ಡ್ರಮ್ ಬ್ರೇಕು ತಕ್ಷಣ ಹಿಡಿಯುವುದಿಲ್ಲ. ಗಾಡಿ ತೊಳೆದ ಖುಷಿಯಲ್ಲಿ ನೇರ ರಸ್ತೆಗೆ ನುಗ್ಗಿದವರು ಇದನ್ನು ಮರೆಯುತ್ತಾರೆ.

ಎರೆಮಣ್ಣಿನ ಹಠ

ತುರುವನೂರು ಭಾಗದ ಎರೆ ಭೂಮಿ ಕಡಲೆಗೆ ಬಂಗಾರ, ಬೈಕಿಗೆ ಶತ್ರು. ಮಳೆ ಬಿದ್ದ ದಿನ ಹೊಲದ ದಾರಿಗೆ ಇಳಿದರೆ ಮಣ್ಣು ಟೈರಿಗೂ ಮಡ್‌ಗಾರ್ಡಿಗೂ ನಡುವೆ ತುಂಬಿ ಗಾಲಿಯೇ ತಿರುಗುವುದಿಲ್ಲ. ನೆನೆದರೆ ಅಂಟು, ಒಣಗಿದರೆ ಸಿಮೆಂಟು. ಇದನ್ನು ಕುಡುಗೋಲಿನಿಂದ, ಸ್ಕ್ರೂಡ್ರೈವರಿನಿಂದ ಕೆರೆದು ಪೇಂಟು ಕಿತ್ತವರು ಊರಿಗೆ ಹತ್ತು ಜನ ಸಿಗುತ್ತಾರೆ.

ಉಪಾಯ ಬೇರೆ ಇದೆ. ಗೋಣಿಚೀಲದ ತುಂಡೊಂದನ್ನು ನೀರಲ್ಲಿ ಅದ್ದಿ ಹಿಂಡಿ, ಮಣ್ಣು ಮೆತ್ತಿದ ಜಾಗಕ್ಕೆ ಸುತ್ತಿ ಇಪ್ಪತ್ತು ನಿಮಿಷ ಬಿಡಿ. ಮಣ್ಣು ತಾನೇ ನೀರು ಕುಡಿದು ಉಬ್ಬಿ ಸಡಿಲವಾಗುತ್ತದೆ. ಆಮೇಲೆ ಮರದ ಕಡ್ಡಿಯಿಂದ ಒತ್ತಿದರೆ ಹೆಂಟೆಹೆಂಟೆಯಾಗಿ ಬೀಳುತ್ತದೆ. ಬಿದ್ದ ಮಣ್ಣನ್ನು ಬಾಚಿ ಹಿತ್ತಲಿಗೆ ಹಾಕಿದರೆ ಚರಂಡಿಯೂ ಕಟ್ಟುವುದಿಲ್ಲ.

ಮಣ್ಣನ್ನು ಹಾಗೇ ಬಿಟ್ಟರೇನು ಎನ್ನುವವರಿಗೆ ಎರಡು ಮಾತು. ಮಡ್‌ಗಾರ್ಡಿನ ಅಡಿಯ ಮಣ್ಣು ದಿನಗಟ್ಟಲೆ ತೇವ ಹಿಡಿದಿಟ್ಟುಕೊಂಡು ತಗಡನ್ನು ಒಳಗಿನಿಂದ ತುಕ್ಕು ಹಿಡಿಸುತ್ತದೆ. ಇಂಜಿನ್ನಿನ ಮೇಲಿನ ಸಾಲುಸಾಲು ರೆಕ್ಕೆಗಳಿರುವುದು ಅಲಂಕಾರಕ್ಕಲ್ಲ, ಗಾಳಿ ತಗುಲಿ ಬಿಸಿ ಹೋಗಲೆಂದು. ಅವುಗಳ ಸಂದಿಗೆ ಮಣ್ಣು ತುಂಬಿದರೆ ಇಂಜಿನ್ನು ಕಂಬಳಿ ಹೊದ್ದು ಓಡಿದಂತೆ. ಆದ್ದರಿಂದ ಹೊಲಕ್ಕೆ ಹೋಗುವ ಗಾಡಿಗೆ ಟ್ಯಾಂಕಿನ ಮಿಂಚಿಗಿಂತ ಈ ಎರಡು ಜಾಗದ ಸ್ವಚ್ಛತೆ ಮುಖ್ಯ.

ಬಿಳಿ ಚುಕ್ಕೆ ಎಲ್ಲಿಂದ ಬಂತು?

"ಎಷ್ಟು ತೊಳೆದ್ರೂ ಟ್ಯಾಂಕಿನ ಮ್ಯಾಲೆ ಬೆಳ್ಳಗೆ ಚುಕ್ಕೆ ನಿಲ್ತಾವಣ್ಣ" ಎಂಬುದು ಹುಡುಗರ ದೂರು. ತಪ್ಪು ಶಾಂಪೂವಿನದಲ್ಲ, ನೀರಿನದು.

ಚಿತ್ರದುರ್ಗ ಜಿಲ್ಲೆಯ ಬೋರ್‌ವೆಲ್ ನೀರು ಗಡಸು ಎನ್ನುವುದು ಬೇಳೆ ಬೇಯಿಸುವ ಹೆಂಗಸರಿಗೆ ಯಾವ ಪ್ರಯೋಗಾಲಯವೂ ಹೇಳಬೇಕಾಗಿಲ್ಲ. ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ಅದರಲ್ಲಿ ಕರಗಿರುತ್ತವೆ. ಕುಡಿಯುವ ನೀರಿನ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಇದ್ದರೆ ಒಳ್ಳೆಯದು, ಬೇರೆ ದಾರಿ ಇಲ್ಲದಿದ್ದರೆ 600ರ ತನಕ ಆಗಬಹುದು ಎನ್ನುತ್ತದೆ ಭಾರತೀಯ ಮಾನಕ. ನೀರಿನ ಹನಿ ಟ್ಯಾಂಕಿನ ಮೇಲೆ ಆರಿದಾಗ ನೀರು ಹಾರಿಹೋಗುತ್ತದೆ, ಲವಣ ಉಳಿಯುತ್ತದೆ. ಹಂಡೆಯ ಒಳಗೆ ಕಟ್ಟುವ ಬಿಳಿ ಹಕ್ಕಳೆಯೂ ಅದೇ, ಗಾಡಿಯ ಚುಕ್ಕೆಯೂ ಅದೇ.

ಉಪಾಯ ಒಂದೇ: ಆರಲು ಬಿಡದೆ ಒರೆಸುವುದು. ಆಗಲೇ ಕೂತ ಚುಕ್ಕೆಗೆ ನಿಂಬೆರಸಕ್ಕೆ ನಾಲ್ಕು ಪಟ್ಟು ನೀರು ಬೆರೆಸಿ, ಬಟ್ಟೆಯಲ್ಲಿ ಅದ್ದಿ ಒರೆಸಿ ತಕ್ಷಣ ಬರೀ ನೀರಲ್ಲಿ ತೊಳೆಯಬೇಕು. ಹುಳಿಯನ್ನು ಹಚ್ಚಿ ಹಾಗೇ ಬಿಟ್ಟರೆ ಕ್ರೋಮು, ಅಲ್ಯೂಮಿನಿಯಂ ಕೆಡುತ್ತವೆ.

ಇನ್ನೊಂದು ಎಚ್ಚರಿಕೆ. ಈ ಜಿಲ್ಲೆಯ ನೀರಲ್ಲಿ ಫ್ಲೋರೈಡ್ ಜಾಸ್ತಿ ಎಂದು ಹಳ್ಳಿಹಳ್ಳಿಗೂ ಶುದ್ಧ ನೀರಿನ ಘಟಕಗಳು ಬಂದಿವೆ. ಘಟಕದಿಂದ ಹೊರಗೆ ಹರಿಯುವ ನೀರನ್ನು "ಹೆಂಗೂ ದಂಡವಾಗ್ತದೆ" ಎಂದು ಬೈಕಿಗೆ ಹಿಡಿಯುವವರಿದ್ದಾರೆ. ಮನಸ್ಸು ಒಳ್ಳೆಯದು. ಆದರೆ ಶುದ್ಧ ನೀರಿನಿಂದ ತೆಗೆದ ಲವಣವೆಲ್ಲ ಸೇರಿಕೊಂಡಿರುವುದು ಆ ನೀರಿನಲ್ಲೇ. ಮೊದಲ ಮಣ್ಣು ನೆನೆಸಲು ಆದೀತು; ಕೊನೆಯ ಜಾಲಿಕೆಗೆ ಬೇಡ.

ಎಲ್ಲಕ್ಕಿಂತ ಒಳ್ಳೆಯದು ಮಳೆನೀರು. ಅದರಲ್ಲಿ ಗಡಸು ಇಲ್ಲ, ಚುಕ್ಕೆಯೂ ಇಲ್ಲ. ಹತ್ತಡಿ ಉದ್ದ, ಹತ್ತಡಿ ಅಗಲದ ತಗಡಿನ ಸೂರಿನ ಮೇಲೆ ಹತ್ತು ಮಿಲಿಮೀಟರ್ ಮಳೆ ಬಿದ್ದರೆ ಸುಮಾರು ತೊಂಬತ್ತು ಲೀಟರ್ ನೀರು. ಒಂದು ಹದ ಮಳೆಗೆ ಮೂರು ಸಲ ಗಾಡಿ ತೊಳೆಯಬಹುದು! ಡ್ರಮ್ಮಿಗೆ ಮುಚ್ಚಳ ಹಾಕದಿದ್ದರೆ ಸೊಳ್ಳೆ ಸಾಕಿದಂತಾಗುತ್ತದೆ, ಅಷ್ಟೇ.

ಚೈನು ಮತ್ತು ಬೆರಳು

ಗಾಡಿ ಸ್ವಚ್ಛ ಮಾಡುವಾಗ ಆಗುವ ಅತಿ ಕೆಟ್ಟ ಅನಾಹುತ ಯಾವುದು ಗೊತ್ತೆ? ಬೆರಳು ಹೋಗುವುದು. ಸೆಂಟರ್ ಸ್ಟ್ಯಾಂಡ್ ಹಾಕಿ, ಇಂಜಿನ್ ಚಾಲೂ ಮಾಡಿ, ಗೇರ್ ಹಾಕಿ, ತಿರುಗುವ ಚೈನಿಗೆ ಬಟ್ಟೆ ಹಿಡಿಯುತ್ತಾರೆ. ಬೇಗ ಆಗಲಿ ಎಂದು. ಬಟ್ಟೆಯ ಎಳೆಯೊಂದು ಹಲ್ಲಿಗೆ ಸಿಕ್ಕಿದರೆ ಕೈ ಬಿಡಿಸಿಕೊಳ್ಳಲು ಪುರುಸೊತ್ತಿರುವುದಿಲ್ಲ. ಚೈನು ಒರೆಸುವಾಗ ಇಂಜಿನ್ ಬಂದ್, ಗೇರ್ ನ್ಯೂಟ್ರಲ್, ಗಾಲಿಯನ್ನು ಕೈಯಿಂದ ಹಿಂದಕ್ಕೆ ತಿರುಗಿಸುವುದು. ಈ ಒಂದು ಮಾತಿಗಾದರೂ ಮನೆಯ ಹಿರಿಯರು ಹಠ ಹಿಡಿಯಬೇಕು.

ಚೈನಿನ ಜಿಡ್ಡಿಗೆ ಹಳೇ ಹಲ್ಲುಜ್ಜುವ ಬ್ರಷ್ಷು, ಸ್ವಲ್ಪ ಸೀಮೆಎಣ್ಣೆ ಸಾಕು. ಸೀಮೆಎಣ್ಣೆ ಈಗ ಅಪರೂಪವಾದ್ದರಿಂದ ಕೆಲವರು ಪೆಟ್ರೋಲ್ ಬಳಸುತ್ತಾರೆ. ಬೇಡ! ಬೆಂಕಿಯ ಭಯ ಒಂದು ಕಡೆ. ಚೈನಿನ ಒಳಗಿನ ರಬ್ಬರ್ ಉಂಗುರ ಹಾಳಾಗುವುದು ಇನ್ನೊಂದು ಕಡೆ. ಅಂಗಡಿಯಲ್ಲಿ ಚೈನ್ ಕ್ಲೀನರ್ ಸಿಗುತ್ತದೆ. ಒರೆಸಿ ಆರಿದ ಮೇಲೆ 90 ನಂಬರಿನ ಗೇರ್ ಆಯಿಲನ್ನು ಚೈನಿನ ಒಳಮಗ್ಗುಲಿಗೆ ಹನಿಹನಿಯಾಗಿ ಬಿಟ್ಟು, ಹೆಚ್ಚಾದದ್ದನ್ನು ಒರೆಸಬೇಕು. ಐನೂರು ಕಿಲೋಮೀಟರಿಗೊಮ್ಮೆ ಇದನ್ನು ಮಾಡಿದರೆ ಚೈನು ಬಾಳುತ್ತದೆ. ತೊಳೆದು ಎಣ್ಣೆ ಬಿಡದ ಚೈನಿಗಿಂತ ತೊಳೆಯದ ಚೈನೇ ವಾಸಿ.

ಮೈಸೂರಿನ ಜಾವಾ ಕಲಿಸಿದ್ದು

ಗಾಡಿ ನೋಡಿಕೊಳ್ಳುವ ವಿಷಯ ಬಂದರೆ ಹಳಬರು ಜಾವಾ ನೆನಪು ತೆಗೆಯದೆ ಬಿಡುವುದಿಲ್ಲ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಗಾಡಿ ತಯಾರಿಸಲು ಶುರುಮಾಡಿತು. ಜಾವಾ ಹೆಸರಿನ ಜಾಗಕ್ಕೆ ಆಮೇಲೆ ಯೆಜ್ಡಿ ಬಂತು. 1996ರಲ್ಲಿ ಕಾರ್ಖಾನೆ ಬಾಗಿಲು ಹಾಕಿತು. ಆದರೂ ಆ ಗಾಡಿಗಳನ್ನು ಇಂದಿಗೂ ಓಡಿಸುತ್ತಿರುವವರು ನಾಡಿನಲ್ಲಿದ್ದಾರೆ. ಒದೆಯುವ ಕಿಕ್ಕರೇ ಗೇರಿನ ಲಿವರೂ ಆಗುವ ಗಾಡಿ. ಎರಡು ಪಕ್ಕಕ್ಕೂ ಒಂದೊಂದು ಸೈಲೆನ್ಸರು. ಕ್ರೋಮು ಹಚ್ಚಿದ ಟ್ಯಾಂಕು.

ಪೆಟ್ರೋಲಿಗೆ ಆಯಿಲ್ ಬೆರೆಸಿ ಓಡಿಸುವ ಆ ಗಾಡಿಯ ಸೈಲೆನ್ಸರು ಜಿಡ್ಡು ಉಗುಳುವುದು ಗ್ಯಾರಂಟಿ. ಅದನ್ನು ಮಿಂಚುವಂತೆ ಇಟ್ಟುಕೊಂಡವರ ಗುಟ್ಟು ನೀರಲ್ಲ, ಒರೆಸುವುದು. ಹಿಂಡಿದ ಒದ್ದೆ ಬಟ್ಟೆ ಒಂದು, ಒಣ ಬನಿಯನ್ ವೇಸ್ಟು ಒಂದು. ಕೊಳೆ ಕೂರುವ ಮೊದಲೇ ತೆಗೆದರೆ ತೊಳೆಯುವ ಸರದಿ ತಿಂಗಳಿಗೆ ಒಂದೆರಡು ಸಲ ಮಾತ್ರ ಬರುತ್ತದೆ. ವಾರಕ್ಕೊಮ್ಮೆ ಹತ್ತು ಕೊಡ ಸುರಿಯುವ ಹುಡುಗರು ಕಲಿಯಬೇಕಾದ ಪಾಠ ಇದು.

ಪಾಲಿಶ್ ಹಚ್ಚುವ ಆಸೆ ಇದ್ದವರು ತೊಳೆದು ಪೂರ್ತಿ ಆರಿದ ಮೇಲೆ, ನೆರಳಲ್ಲಿ, ಚಿಟಿಕೆಯಷ್ಟು ಮೇಣದ ಪಾಲಿಶ್ ಹಚ್ಚಲಿ. ಮೇಣದ ತೆಳು ಪದರ ಇದ್ದರೆ ಧೂಳು, ನೀರು ಬೇಗ ಜಾರುತ್ತವೆ. ಮುಂದಿನ ಸಲ ತೊಳೆಯಲು ನೀರೂ ಕಡಿಮೆ ಸಾಕು. ಒಳ್ಳೆಯ ಪಾಲಿಶಿನಲ್ಲಿರುವ ಕಾರ್ನೋಬಾ ಮೇಣ ಬ್ರೆಜಿಲ್ ದೇಶದ ಒಂದು ಜಾತಿಯ ತಾಳೆ ಎಲೆಯಿಂದ ಬರುವಂಥದ್ದು. ಹೊಳಪಿಲ್ಲದ ಮ್ಯಾಟ್ ಬಣ್ಣದ ಗಾಡಿಗೆ ಮಾತ್ರ ಇದು ಬೇಡ, ಕಲೆ ನಿಲ್ಲುತ್ತದೆ. ಸೀಟಿಗೆ, ಟೈರಿನ ಹಲ್ಲಿಗೆ ಎಣ್ಣೆ ಸವರುವ ಚಟ ಕೂಡದು. ಸೀಟು ಜಾರಿದರೆ ಹಿಂದೆ ಕೂತವರು ಬಿದ್ದಾರು. ಟೈರು ಜಾರಿದರೆ ಇಬ್ಬರೂ ಬಿದ್ದಾರು.

ಕೆರೆ ಯಾರಪ್ಪನದು?

ಕೆರೆಯಲ್ಲಿ ನೀರಿದ್ದ ವರ್ಷ ಇನ್ನೊಂದು ನೋಟ. ಬೈಕು, ಟ್ರ್ಯಾಕ್ಟರು, ಲಗೇಜ್ ಆಟೋ ಎಲ್ಲ ನೇರ ನೀರಿಗೆ ಇಳಿಯುತ್ತವೆ. ಮನೆಯ ಕೊಡ ಉಳಿಯಿತು, ಅವ್ವನ ಬೈಗುಳ ತಪ್ಪಿತು ಎಂದು ಹುಡುಗರಿಗೆ ಸಮಾಧಾನ. ನೀರಿನ ಮೇಲೆ ಕಾಮನಬಿಲ್ಲಿನಂತೆ ಎಣ್ಣೆ ತೇಲುತ್ತಿರುತ್ತದೆ. ಹತ್ತು ಮಾರು ಆಚೆ ಎಮ್ಮೆ ಅದೇ ನೀರು ಕುಡಿಯುತ್ತಿರುತ್ತದೆ.

ಹಳೇ ಇಂಜಿನ್ ಆಯಿಲಿನ ವಿಷಯದಲ್ಲಿ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಹೇಳುವ ಲೆಕ್ಕವೊಂದಿದೆ: ಒಂದು ಗ್ಯಾಲನ್ ಆಯಿಲ್ ಹತ್ತು ಲಕ್ಷ ಗ್ಯಾಲನ್ ಒಳ್ಳೆಯ ನೀರನ್ನು ಕೆಡಿಸಬಲ್ಲದು. ಬೈಕಿನಿಂದ ಇಳಿಯುವುದು ಕೆಲವು ಹನಿ ಮಾತ್ರ ಎನ್ನಬಹುದು. ಒಂದು ಬೈಕಿಗೆ ಕೆಲವು ಹನಿ; ಊರಿನ ಬೈಕುಗಳೆಷ್ಟು, ಭಾನುವಾರಗಳೆಷ್ಟು?

ಪಕ್ಕದ ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಗಳನ್ನು ಈ ಸೀಮೆಯ ಜನ ಇಂದಿಗೂ ನೆನೆಯುವುದು ಕೆರೆ ಕಟ್ಟಿಸಿದ್ದಕ್ಕೆ. "ಮಾಡಿದಷ್ಟು ನೀಡು ಭಿಕ್ಷೆ" ಎಂಬ ಅವರ ಮಾತು ಬಸ್ಸು ಲಾರಿಗಳ ಮೇಲೂ ಕಾಣುತ್ತದೆ. ಅದೇ ಮಾತು ಬರೆಸಿದ ಗಾಡಿಯನ್ನು ಕೆರೆಗೆ ಇಳಿಸಿ ತೊಳೆಯುವುದು ಎಷ್ಟು ಸರಿ?

ಹಬ್ಬದ ದಿನ

ಮತ್ತೆ ಮಹಾನವಮಿಗೆ ಬರೋಣ. ಪೂಜೆ ಬೇಡವೆಂದು ಯಾರೂ ಹೇಳುವುದಿಲ್ಲ. ಆದರೆ ಅರಿಸಿನ ಕುಂಕುಮವನ್ನು ಒದ್ದೆ ಮಾಡಿ ಟ್ಯಾಂಕಿಗೆಲ್ಲ ಬಳಿದರೆ ಬಿಸಿಲಿಗೆ ಕಲೆ ಕೂರುತ್ತದೆ; ಒಂದು ಬೊಟ್ಟು ಇಟ್ಟು ಸಂಜೆಯೊಳಗೆ ಒರೆಸಿದರೆ ದೇವಿಗೂ ಸಂತೋಷ, ಪೇಂಟಿಗೂ ಕ್ಷೇಮ. ಹೂವಿನ ಹಾರ ಮೀಟರ್ ಮುಚ್ಚುವಂತೆ, ಚಕ್ರಕ್ಕೆ ಸಿಕ್ಕುವಂತೆ ಇರಬಾರದು. ಬಾಳೆಕಂದು ಹ್ಯಾಂಡಲಿಗೆ ಕಟ್ಟಿಕೊಂಡು ಊರು ಸುತ್ತುವವರು ಎದುರಿನ ಗಾಡಿ ಕಾಣುತ್ತದೆಯೇ ಎಂದು ಒಮ್ಮೆ ನೋಡಿಕೊಳ್ಳಲಿ.

ಎಲ್ಲಕ್ಕಿಂತ ಮುಖ್ಯ, ಬೂದುಗುಂಬಳ. ರಸ್ತೆಯ ಮಧ್ಯೆ ಒಡೆದು, ಕುಂಕುಮ ಕಲಸಿದ ಹೋಳುಗಳನ್ನು ಹಾಗೇ ಬಿಟ್ಟು ಹೋಗುತ್ತಾರೆ. ಕತ್ತಲಾದ ಮೇಲೆ ಬರುವ ಬೈಕಿನವನ ಗಾಲಿ ಅದರ ಮೇಲೆ ಹತ್ತಿದರೆ ಜಾರದೆ ಇನ್ನೇನು? ತನ್ನ ಗಾಡಿಗೆ ದೃಷ್ಟಿ ತಾಗದಿರಲಿ ಎಂದು ಒಡೆದದ್ದು ಇನ್ನೊಬ್ಬನ ಕಾಲು ಮುರಿಯಿತು! ಒಡೆದವರೇ ಬದಿಗೆ ಎತ್ತಿಹಾಕುವುದಕ್ಕೆ ಎರಡು ನಿಮಿಷವೂ ಬೇಡ.

ಹೊರುವವರು ಯಾರು?

ತುರುವನೂರು ಸಾಮಾನ್ಯ ಊರಲ್ಲ. 1939ರಲ್ಲಿ ಎಸ್. ನಿಜಲಿಂಗಪ್ಪನವರ ಮುಂದಾಳತ್ವದಲ್ಲಿ ಈಚಲು ಮರ ಕಡಿದು ಅರಣ್ಯ ಸತ್ಯಾಗ್ರಹ ನಡೆಸಿದ ಊರು. ಸರ್ಕಾರದ ಕಾನೂನಿಗೇ ಎದುರು ನಿಂತ ಜನಕ್ಕೆ ತಮ್ಮೂರಿಗೆ ತಾವೇ ಒಂದು ಕಟ್ಟಳೆ ಹಾಕಿಕೊಳ್ಳುವುದು ಕಷ್ಟವೆ? ಕೆರೆ ಏರಿಯ ಮೇಲೆ ಒಂದು ಫಲಕ, ಬೇಸಿಗೆಯಲ್ಲಿ ಪೈಪು ಹಿಡಿದು ಗಾಡಿ ತೊಳೆಯಬಾರದೆಂಬ ಒಂದು ಡಂಗುರ, ನೀರು ಇಂಗಲು ಒಂದು ಗುಂಡಿ. ಇದಕ್ಕೆ ಲಕ್ಷಗಟ್ಟಲೆ ಅನುದಾನ ಬೇಕಿಲ್ಲ. ಪಂಚಾಯಿತಿಯವರು ಇತ್ತ ಗಮನ ಹರಿಸಬೇಕು.

ಅದಕ್ಕಿಂತ ಸುಲಭದ ಕಟ್ಟಳೆಯೊಂದನ್ನು ಮನೆಮನೆಯ ತಾಯಂದಿರೇ ತರಬಹುದು. ಗಾಡಿ ತೊಳೆಯುವವನೇ ನೀರು ಹೊತ್ತು ತರಬೇಕು. ಅಷ್ಟೇ. ತನ್ನ ಹೆಗಲ ಮೇಲೆ ಬಂದ ನೀರು ಎಷ್ಟು ಭಾರ ಎಂದು ಗೊತ್ತಾದ ದಿನ ಹತ್ತು ಕೊಡದ ಜಾಗದಲ್ಲಿ ಎರಡೇ ಕೊಡ ಸಾಕಾಗುತ್ತದೆ. ಒರೆಸುವುದನ್ನು ಯಾರೂ ಕಲಿಸಬೇಕಾಗಿಲ್ಲ.

ಓಣಿಯ ಆ ಅವ್ವ ಹೇಳುವುದೂ ಅದನ್ನೇ: "ತೊಳಿಯಪ್ಪಾ, ಬ್ಯಾಡ ಅನ್ನಾಕಿಲ್ಲ. ಕೊಡ ಅಲ್ಲೈತೆ. ಬಾವಿ ದಾರಿ ನಿಂಗೂ ಗೊತ್ತೈತೆ."